ಕಾವ್ಯಾಳಿಗೆ ಶಿಕಾಗೋದಿಂದ: ಊರಿನ ಉದ್ಯೋಗ ಎಣಿಸುವ ಮೇಷ್ಟ್ರ ಕೆಲಸ

ಚಿ. ಕಾವ್ಯಾಳಿಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ, ಬರೆ. ನಗರ ಯೋಜನೆಯ ಬಿ.ಪ್ಲಾನ್ ಪದವಿ ಮುಗಿಸಿ, ಪಿಎಚ್.ಡಿ. ಮಾಡಿ, ಸ್ಥಳೀಯ ಆರ್ಥಿಕ ಅಭಿವೃದ್ಧಿಯನ್ನೇ ಪಾಠ ಮಾಡಬೇಕೆಂದಿದ್ದೀಯ. ನಿಮ್ಮಪ್ಪನದು ಬೇರೆ ಪ್ರಶ್ನೆ: ‘ಅಷ್ಟು ಓದಿ ಕೊನೆಗೆ ಮಾಡೋ ಕೆಲಸ ಏನು?’ ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ, ಅವನಿಗೂ ಓದಿ ಹೇಳು.

ಈ ವೃತ್ತಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ರಾಬರ್ಟ್ ಮಿಯರ್ ಅವರನ್ನು ನೋಡು. ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೋ ಕ್ಯಾಂಪಸ್‌ನಲ್ಲಿ ನಗರ ಯೋಜನೆ ಕಲಿಸುತ್ತಿದ್ದವರು. 1978ರಲ್ಲಿ ಅಲ್ಲೇ ನಗರ ಆರ್ಥಿಕ ಅಭಿವೃದ್ಧಿ ಕೇಂದ್ರ ಕಟ್ಟಿದರು. ಬಡಾವಣೆಯ ಸಂಘಗಳಿಗೆ ಬೇಕಾದ ಲೆಕ್ಕಪತ್ರ, ಅಧ್ಯಯನ ಒದಗಿಸುವುದು ಕೇಂದ್ರದ ಕೆಲಸ. 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ಶಿಕಾಗೋದ ಮೊದಲ ಕಪ್ಪು ಮೇಯರ್ ಆದಾಗ ಮಿಯರ್ ಅವರನ್ನು ಕರೆದು ನಗರದ ಆರ್ಥಿಕ ಅಭಿವೃದ್ಧಿ ಇಲಾಖೆಯನ್ನೇ ಒಪ್ಪಿಸಿದರು. 1984ರ ಅಭಿವೃದ್ಧಿ ಯೋಜನೆಯಲ್ಲಿ ಮೊದಲ ಗುರಿ ಶಿಕಾಗೋ ನಿವಾಸಿಗಳಿಗೆ ಕೆಲಸ. ಪೇಟೆಯ ನಡುವೆ ಎಷ್ಟು ಕಟ್ಟಡ ಎದ್ದವು ಎಂದು ಬೆಳವಣಿಗೆ ಅಳೆಯುತ್ತಿದ್ದ ನಗರಕ್ಕೆ ಇದು ದೊಡ್ಡ ತಿರುವು.

ಅದೇ ವರ್ಷ ಪ್ಲೇಸ್ಕೂಲ್ ಆಟಿಕೆ ಕಾರ್ಖಾನೆಯ ಪ್ರಕರಣ ಎದ್ದಿತು. 1980ರಲ್ಲಿ ಆ ಕಂಪನಿ ಹೊಸ ಕೆಲಸಗಳ ಭರವಸೆ ಕೊಟ್ಟು ನಗರದಿಂದ 10 ಲಕ್ಷ ಡಾಲರಿನ ಕೈಗಾರಿಕಾ ಬಾಂಡ್ ಪಡೆದಿತ್ತು. ಇಂಥ ಬಾಂಡಿನ ಒಳಲೆಕ್ಕ ನಿನಗೆ ಗೊತ್ತಿರಬೇಕು. ಬಾಂಡ್ ನಗರದ ಹೆಸರಲ್ಲಿ ಹೊರಡುತ್ತದೆ, ಸಾಲ ತೀರಿಸುವುದು ಕಂಪನಿ. ಸಾಲ ಕೊಟ್ಟವರ ಬಡ್ಡಿಗೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ಬಡ್ಡಿ ದರ ಕಡಿಮೆ. ಪಾಲಿಕೆಯ ಖಜಾನೆಯಿಂದ ನೇರವಾಗಿ ಹಣ ಹೋಗುವುದಿಲ್ಲವಾದ್ದರಿಂದ ಸದಸ್ಯರು ಬೇಗ ಕೈ ಎತ್ತುತ್ತಾರೆ. ಷರತ್ತು ಸಡಿಲವಾಗುವುದು ಅಲ್ಲೇ. 1984ರಲ್ಲಿ ಕಂಪನಿ ಹ್ಯಾಸ್‌ಬ್ರೋ ಕೈಗೆ ಬಂತು, ಶಿಕಾಗೋ ಕಾರ್ಖಾನೆ ಮುಚ್ಚುವುದಾಗಿ ಪ್ರಕಟಣೆ ಹೊರಟಿತು. ನಗರಾಡಳಿತ ಕೋರ್ಟಿಗೆ ಹೋಯಿತು. 1985ರ ರಾಜಿಯಲ್ಲಿ ಕಂಪನಿ ಮುಚ್ಚುವಿಕೆಯನ್ನು ಮುಂದಕ್ಕೆ ಹಾಕಿ, ಕಾರ್ಮಿಕರಿಗೆ ಬೇರೆ ಕೆಲಸ ಹುಡುಕಲು ನೆರವು ಕೊಡಲು ಒಪ್ಪಿತು. ಕಾರ್ಖಾನೆ ಮಾತ್ರ ಉಳಿಯಲಿಲ್ಲ.

ಈಗ ನಮ್ಮ ತರಗತಿಗಳಲ್ಲಿ ಇಂಥ ಕರಾರನ್ನು ಸಾಲು ಸಾಲಾಗಿ ಓದಿಸುತ್ತೇವೆ. ‘200 ಉದ್ಯೋಗ ಸೃಷ್ಟಿಸಲಾಗುವುದು’ ಎಂದಿದ್ದರೆ ಆ ಸಾಲಿಗೆ ಬೆಲೆಯೇ ಇಲ್ಲ. ವಾರಕ್ಕೆ ಎಷ್ಟು ಗಂಟೆಯ ಕೆಲಸ, ಸಂಬಳ ಎಷ್ಟು, ಯಾವ ತಾರೀಖಿಗೆ ಎಣಿಸುವುದು, ಆ ದಿನ ಆದ ಮೇಲೆ ಎಷ್ಟು ವರ್ಷ ಉಳಿಸಿಕೊಳ್ಳಬೇಕು, ಬೇರೆ ಊರಿನ ಘಟಕದಿಂದ ವರ್ಗವಾಗಿ ಬಂದವರನ್ನು ಸೇರಿಸಬಹುದೇ, ಲೆಕ್ಕ ತಪಾಸಣೆ ಯಾರದು, ಇವೆಲ್ಲ ಬರಹದಲ್ಲಿರಬೇಕು. ಹಣ ವಾಪಸಾತಿಯ ಷರತ್ತೂ ಅಂಕಿಯಲ್ಲೇ ಇರಬೇಕು: 200ಕ್ಕೆ 120 ಮಾತ್ರ ಬಂದರೆ ನಗರ ಕಂಪನಿಗೆ ಕೊಟ್ಟ ರಿಯಾಯಿತಿಯ ಶೇ. 40 ವಾಪಸ್. ಕಂಪನಿ ಕೈ ಬದಲಾದರೂ ಹೊಣೆ ಹೊಸ ಮಾಲೀಕನ ಮೇಲೆ ಉಳಿಯುತ್ತದೆ ಎಂಬ ಸಾಲನ್ನು ಹುಡುಕಿ ನೋಡು. ಬಿಟ್ಟುಹೋಗುವುದು ಹೆಚ್ಚಾಗಿ ಅದೇ.

ರಿಯಾಯಿತಿ ಕೊಡದಿದ್ದರೆ ಕಂಪನಿ ಬರುತ್ತಲೇ ಇರಲಿಲ್ಲವೇ ಎಂಬುದು ಇನ್ನೂ ಕಷ್ಟದ ಪ್ರಶ್ನೆ. ಮಿಷಿಗನ್‌ನ ಕಲಮಜೂದಲ್ಲಿರುವ ಅಪ್‌ಜಾನ್ ಉದ್ಯೋಗ ಸಂಶೋಧನಾ ಸಂಸ್ಥೆಯ ಅರ್ಥಶಾಸ್ತ್ರಜ್ಞ ಟಿಮೊತಿ ಬಾರ್ಟಿಕ್ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ 2018ರಲ್ಲಿ ಹೇಳಿದ್ದು: ರಿಯಾಯಿತಿಯಿಂದಲೇ ಮನಸ್ಸು ಬದಲಾಯಿಸುವ ಕಂಪನಿಗಳು ಶೇ. 2ರಿಂದ 25ರಷ್ಟು. ಉಳಿದವು ಹೇಗಿದ್ದರೂ ಅದೇ ನಿರ್ಧಾರ ಮಾಡುತ್ತಿದ್ದವು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ವಿದ್ಯಾರ್ಥಿಗೆ ಮೊದಲು ತಿಳಿಸಬೇಕಾದ ಅಂಕಿ ಇದು.

ಇನ್ನು ಲೆಕ್ಕದ ವಿಷಯ. ಮೊದಲು ಕಲಿಸುವುದು ಸ್ಥಳ ಸೂಚ್ಯಂಕ: ಒಂದು ಉದ್ಯಮಕ್ಕೆ ಊರಿನ ಕೆಲಸಗಳಲ್ಲಿರುವ ಪಾಲು, ದೇಶದ ಕೆಲಸಗಳಲ್ಲಿರುವ ಪಾಲಿನ ಎಷ್ಟು ಪಟ್ಟು ಎಂಬ ಅಂಕಿ. ಊರಲ್ಲಿ ಒಟ್ಟು 50,000 ಕೆಲಸ, ಆಹಾರ ಸಂಸ್ಕರಣೆಯಲ್ಲಿ 3,000 ಎಂದುಕೋ: ಶೇ. 6. ದೇಶದಲ್ಲಿ ಅದರ ಪಾಲು ಶೇ. 1.5 ಇದ್ದರೆ ಸೂಚ್ಯಂಕ 4. ದೇಶದ ಸರಾಸರಿಯಂತೆ ಆ ಊರಿಗೆ ಬೇಕಾಗಿದ್ದು 750 ಕೆಲಸ. ಮಿಕ್ಕ 2,250 ಕೆಲಸ ಹೊರಗಿನವರಿಗೆ ಮಾಲು ಮಾರಿ ಊರಿಗೆ ದುಡ್ಡು ತರುತ್ತಿವೆ ಎಂದು ಊಹಿಸುತ್ತೇವೆ. ಎಡವುವುದು ಇಲ್ಲೇ. ಸೂಚ್ಯಂಕ 4 ಇದೆಯೆಂದ ಮಾತ್ರಕ್ಕೆ ಆ ಉದ್ಯಮ ಬೆಳೆಯುತ್ತಿದೆ ಎಂದಲ್ಲ, ಮುಚ್ಚುವ ಹಂತದ ಹಳೇ ಕಾರ್ಖಾನೆಗೂ ಅದೇ ಅಂಕಿ ಬರುತ್ತದೆ. ಹತ್ತು ವರ್ಷದ ಅಂಕಿಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ವರದಿ ಬರೆಯಬಾರದು. 1997ರಲ್ಲಿ ಇಲ್ಲಿ ಉದ್ಯಮಗಳ ವರ್ಗೀಕರಣದ ಸಂಕೇತಗಳೇ ಬದಲಾದವು. ಹಿಂದಿನದು ಮುಂದಿನದು ಸುಮ್ಮನೆ ಜೋಡಿಸಿದರೆ ಇಲ್ಲದ ಏರಿಳಿತ ಕಾಣುತ್ತದೆ. ಇಲ್ಲಿನ ಜಿಲ್ಲಾವಾರು ಉದ್ಯಮ ಅಂಕಿಅಂಶದಲ್ಲಿ ಸ್ವಂತ ದುಡಿಮೆಯವರು ಇರುವುದಿಲ್ಲ. ಈ ಕ್ರಮವನ್ನು ಹಾಗೇ ಎತ್ತಿ ಮಂಗಳೂರಿಗೆ ಹಾಕಿದರೆ ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರು ಲೆಕ್ಕದಿಂದಲೇ ಮಾಯ. ನಮ್ಮಲ್ಲಿ 2013ರ ಆರನೇ ಆರ್ಥಿಕ ಗಣತಿ ಕೂಲಿಯಾಳು ಇಲ್ಲದ ಸ್ವಂತ ಉದ್ಯಮಗಳನ್ನೂ ಎಣಿಸಿದೆ, ಅಲ್ಲಿಂದ ಶುರು ಮಾಡು.

ಮಿಯರ್ ಕಾಲದ ಇನ್ನೊಂದು ಕೆಲಸ ಜಮೀನಿನದು. ಶಿಕಾಗೋ ನದಿಯ ಉತ್ತರ ಕವಲಿನ ಪಕ್ಕ, ಕ್ಲೈಬೋರ್ನ್ ಭಾಗದ ಕಾರ್ಖಾನೆಗಳ ನಡುವೆ ಶ್ರೀಮಂತರ ಫ್ಲ್ಯಾಟುಗಳು ಬರತೊಡಗಿದವು. ಹೊಸಬರು ಲಾರಿ ಸದ್ದಿನ ಬಗ್ಗೆ ದೂರು ಕೊಡುತ್ತಾರೆ, ಜಾಗದ ಬೆಲೆ ಏರುತ್ತದೆ, ಲಾಭದಲ್ಲಿರುವ ಕಾರ್ಖಾನೆಯೂ ಜಾಗ ಮಾರಿ ಹೊರಡುತ್ತದೆ. ವಾಷಿಂಗ್ಟನ್ 1987ರಲ್ಲಿ ತೀರಿಕೊಂಡರು. ಮರುವರ್ಷ ಆ ಭಾಗವನ್ನು ಉತ್ಪಾದನೆಗೇ ಮೀಸಲಿಡುವ ಕಾನೂನು ಬಂತು. 2017ರಲ್ಲಿ ನಗರವೇ ಆ ನಿರ್ಬಂಧ ತೆಗೆಯಿತು. ಅದು ಸರಿಯಾದ ತೀರ್ಮಾನ ಎಂದು ನನಗೆ ಅನ್ನಿಸುವುದಿಲ್ಲ. ಪೀಣ್ಯದ ಸುತ್ತ ಅಪಾರ್ಟ್‌ಮೆಂಟ್ ಏಳುವುದನ್ನು ನೋಡಿದವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಹಾದಿಯ ವಿವರ ನಿಮ್ಮಪ್ಪನಿಗೆ. ಸ್ನಾತಕೋತ್ತರ ಎರಡು ವರ್ಷ, ಪಿಎಚ್.ಡಿ. ಸಾಮಾನ್ಯವಾಗಿ ಐದರ ಆಸುಪಾಸು. ಪಿಎಚ್.ಡಿ.ಗೆ ಕೈಯಿಂದ ಫೀಸು ಕಟ್ಟಿ ಬರಬೇಡ. ವಾರಕ್ಕೆ 20 ಗಂಟೆ ಬೋಧನೆಗೋ ಸಂಶೋಧನೆಗೋ ನೆರವಾದರೆ ಫೀಸು ಮಾಫಿ, ತಿಂಗಳ ಭತ್ಯೆ ಸಿಗುವ ಸೀಟಿಗೇ ಕಾಯಬೇಕು. ಆಗಸ್ಟ್ ಪ್ರವೇಶಕ್ಕೆ ಅರ್ಜಿ ಹಿಂದಿನ ಡಿಸೆಂಬರ್, ಜನವರಿಯಲ್ಲೇ ಹೋಗಬೇಕು. ಆಮೇಲೆ ಸಹಾಯಕ ಪ್ರಾಧ್ಯಾಪಕ ಹುದ್ದೆ, ಸಾಮಾನ್ಯವಾಗಿ ಆರನೇ ವರ್ಷ ಕಾಯಮಾತಿಯ ಪರಿಶೀಲನೆ. ಅದರಲ್ಲಿ ಆಗಲಿಲ್ಲವೆಂದರೆ ಇನ್ನೊಂದು ವರ್ಷ ಇದ್ದು ಹೊರಡಬೇಕು. ಈ ವಿಷಯದ ಮೇಷ್ಟ್ರುಗಳಿಗೆ ಅಲ್ಲೊಂದು ಇಕ್ಕಟ್ಟಿದೆ: ಬಡಾವಣೆ ಸಂಘಕ್ಕೆ ಮುಂದಿನ ಪಾಲಿಕೆ ಸಭೆಯೊಳಗೆ ವರದಿ ಬೇಕು, ಪರಿಶೀಲನಾ ಸಮಿತಿ ಎಣಿಸುವುದು ಅಚ್ಚಾಗಲು ವರ್ಷಗಟ್ಟಲೆ ಹಿಡಿಯುವ ಲೇಖನಗಳನ್ನು. ಒಂದೇ ದತ್ತಾಂಶದಿಂದ ಎರಡನ್ನೂ ಬರೆಯುವಂತೆ ಮೊದಲೇ ಯೋಜಿಸಬೇಕು. ಸಂಘದವರಿಂದ ಪ್ರಕಟಣೆಗೆ ಒಪ್ಪಿಗೆಯನ್ನು ಕೆಲಸ ಶುರುವಾಗುವ ಮುಂಚೆಯೇ ಬರಹದಲ್ಲಿ ತೆಗೆದುಕೋ.

ಈಗ ನೀನು ಮಾಡಬೇಕಾದ್ದು: ನಿಮ್ಮ ಜಿಲ್ಲೆಯ ಆರ್ಥಿಕ ಗಣತಿಯ ಅಂಕಿ ತೆಗೆದು ಹತ್ತು ಉದ್ಯಮಗಳಿಗೆ ಸೂಚ್ಯಂಕ ಹಾಕಿ ಕಳಿಸು. ಒಂದಕ್ಕಿಂತ ಹೆಚ್ಚು ಬಂದ ಎರಡು ಉದ್ಯಮಗಳ ಜಾಗಕ್ಕೆ ಹೋಗಿ, ಕಚ್ಚಾ ಮಾಲು ಎಲ್ಲಿಂದ, ಗಿರಾಕಿ ಎಲ್ಲಿಯವರು, ಸಂಬಳ ಎಷ್ಟು ಎಂದು ಕೇಳಿ ಬರೆದುಕೋ. ಅರ್ಜಿಯ ಜೊತೆ ಕೊಡುವ ಬರಹಕ್ಕೆ ಅದೇ ಆಧಾರ. ಅಂಕಪಟ್ಟಿಯ ಪ್ರತಿಯನ್ನೂ ಅದರೊಂದಿಗೇ ಕಳಿಸು. ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ,
ಅತ್ತೆ