ಎಲೆಯ ರಸಕ್ಕೂ ಮೊದಲು ಆಮ್ಲವಿದೆ

ಮಾನ್ಯ ಸಂಪಾದಕರೇ,

ಬೇವು, ತುಳಸಿ, ಚಹಾ ಎಲೆಗಳ ರಸದಿಂದ ‘ಪರಿಸರಸ್ನೇಹಿ ಗ್ರಾಫೀನ್’ (ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಹಾಳೆ) ತಯಾರಾಯಿತೆಂಬ ಸುದ್ದಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಈ ಪ್ರಯೋಗವನ್ನು ವಿದ್ಯಾರ್ಥಿಗಳಿಂದ ಮಾಡಿಸಿದ ರಸಾಯನಶಾಸ್ತ್ರದ ಉಪನ್ಯಾಸಕನಾಗಿ, ಅವುಗಳಲ್ಲಿ ಬಿಟ್ಟುಹೋಗುವ ಅರ್ಧ ಕಥೆಯನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ.

ಎಲೆಯ ರಸ ಗ್ರಾಫೀನನ್ನು ಹುಟ್ಟಿಸುವುದಿಲ್ಲ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟನ್ನು ಮೊದಲು ಉತ್ಕರ್ಷಿಸಿ, ಅಂದರೆ ಆಮ್ಲಜನಕ ಸೇರಿಸಿ, ಗ್ರಾಫೀನ್ ಆಕ್ಸೈಡ್ ಮಾಡಿಕೊಂಡು, ಆಮೇಲೆ ಅದರಲ್ಲಿನ ಆಮ್ಲಜನಕವನ್ನು ಕಳೆಯಬೇಕು. ಈ ಎರಡನೆಯ ಹಂತಕ್ಕೆ ಬಳಕೆಯಲ್ಲಿದ್ದ ಹೈಡ್ರಜೀನ್ ಎಂಬ ರಾಸಾಯನಿಕ ವಿಷಕಾರಿಯಾದ್ದರಿಂದ, ಚಹಾ ಕಷಾಯದಲ್ಲಿರುವ ಪಾಲಿಫೀನಾಲ್‌ಗಳೆಂಬ ಸಸ್ಯಜನ್ಯ ಅಣುಗಳು ಅದರ ಜಾಗಕ್ಕೆ ಬಂದಿರುವುದು ನಿಜಕ್ಕೂ ಒಳ್ಳೆಯ ಬೆಳವಣಿಗೆ. ಗ್ರಾಫೀನ್ ಆಕ್ಸೈಡಿನ ಕಂದು ದ್ರಾವಣಕ್ಕೆ ಸೋಸಿದ ಕಷಾಯ ಬೆರೆಸಿ ಬಿಸಿನೀರಿನ ತೊಟ್ಟಿಯಲ್ಲಿ (ವಾಟರ್ ಬಾತ್) ಇಟ್ಟರೆ, ಕೆಲವು ಗಂಟೆಗಳಲ್ಲಿ ಅದು ಕಪ್ಪಾಗಿ ಮಸಿಯಂಥ ಚೂರುಗಳು ತಳಕ್ಕಿಳಿಯುತ್ತವೆ. (ಕಷಾಯವೇ ಕಂದಾಗಿರುವಾಗ ಬಣ್ಣವೊಂದನ್ನೇ ನಂಬುವಂತಿಲ್ಲ ಎಂಬುದು ಬೇರೆ ಮಾತು.)

ಆದರೆ ಆ ಕಂದು ದ್ರಾವಣ ಬಂದದ್ದೆಲ್ಲಿಂದ? 1958ರಲ್ಲಿ ಹಮ್ಮರ್ಸ್ ಮತ್ತು ಆಫೆಮನ್ ಎಂಬ ರಸಾಯನವಿಜ್ಞಾನಿಗಳು ಪ್ರಕಟಿಸಿದ ವಿಧಾನದಲ್ಲಿ 100 ಗ್ರಾಂ ಗ್ರಾಫೈಟಿಗೆ 2.3 ಲೀಟರ್ ಸಲ್ಫ್ಯೂರಿಕ್ ಆಮ್ಲ, 300 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್, 50 ಗ್ರಾಂ ಸೋಡಿಯಂ ನೈಟ್ರೇಟ್ ಬೇಕು. ನೈಟ್ರೇಟ್‌ನಿಂದೇಳುವ ವಿಷಾನಿಲವನ್ನು ತಪ್ಪಿಸುವ ಸುಧಾರಿತ ವಿಧಾನ 2010ರಲ್ಲಿ ಬಂದರೂ ಆಮ್ಲ ಮತ್ತು ಪರ್ಮಾಂಗನೇಟ್ ಉಳಿದುಕೊಂಡಿವೆ. ಹುಳಿ ಹೋಗುವವರೆಗೆ ತೊಳೆಯುತ್ತಲೇ ಇರಬೇಕು. ತೊಳೆದಷ್ಟೂ ಆಕ್ಸೈಡ್ ಲೋಳೆಯಂತೆ ಉಬ್ಬಿ ಫಿಲ್ಟರ್ ಪೇಪರಿನಲ್ಲಿ ನೀರಿಳಿಯದಂತೆ ಮಾಡುತ್ತದೆ, ಇತ್ತ ಮ್ಯಾಂಗನೀಸ್ ಬೆರೆತ ಆಮ್ಲದ ನೀರು ಬಕೆಟ್‌ಗಟ್ಟಲೆ ತುಂಬುತ್ತದೆ. ಒಂದು ಲೋಟ ಚಹಾ ಕಷಾಯ ಆ ಬಕೆಟ್ಟುಗಳ ಲೆಕ್ಕವನ್ನು ತೀರಿಸಲಾರದು.

ಎಲೆಯ ರಸಕ್ಕೂ ತನ್ನದೇ ತೊಡಕುಗಳಿವೆ. ಮಣ್ಣು, ಋತು, ಎಲೆಯ ಬಲಿತ ಪ್ರಮಾಣಕ್ಕೆ ತಕ್ಕಂತೆ ಅದರ ಸತ್ವ ಬದಲಾಗುತ್ತದೆ. ಸಸ್ಯದ ಅಣುಗಳು ಗ್ರಾಫೀನ್ ಹಾಳೆಗಳಿಗೆ ಅಂಟಿಕೊಂಡೇ ಉಳಿದು, ನೀರಿನಲ್ಲಿ ಅವು ಚೆನ್ನಾಗಿ ಹರಡಿಕೊಳ್ಳಲು ನೆರವಾದರೂ ವಿದ್ಯುತ್ ಹರಿವಿಗೆ ಅಡ್ಡಿಯಾಗಬಲ್ಲವು.

ನನಗೆ ಹೆಚ್ಚು ಭರವಸೆ ಇರುವುದು ಉತ್ಕರ್ಷಣವನ್ನೇ ಕೈಬಿಡುವ ದಾರಿಯಲ್ಲಿ. ಗ್ರಾಫೈಟ್ ಪುಡಿಯನ್ನು ನೀರಿನಲ್ಲಿ ಅಲ್ಟ್ರಾಸೌಂಡ್ ಅಲೆಗಳಿಂದ ಪದರಪದರವಾಗಿ ಬಿಡಿಸುವಾಗ, ಟ್ಯಾನಿಕ್ ಆಮ್ಲದಂಥ ಸಸ್ಯಜನ್ಯ ಅಣುಗಳು ಆ ಪದರಗಳು ಮತ್ತೆ ಕೂಡಿಕೊಳ್ಳದಂತೆ ತಡೆಯಬಲ್ಲವು. ಇಳುವರಿ ಕಡಿಮೆ, ನಿಜ. ಆದರೆ ಅಲ್ಲಿ ಆಮ್ಲದ ಬಕೆಟ್ಟುಗಳಿಲ್ಲ.

ಆದ್ದರಿಂದ ಇಂಥ ಸಂಶೋಧನೆಗಳನ್ನು ವರದಿ ಮಾಡುವಾಗ ಗ್ರಾಫೀನ್ ಆಕ್ಸೈಡನ್ನು ಹೇಗೆ ತಯಾರಿಸಲಾಯಿತು, ತೊಳೆದ ನೀರನ್ನು ಏನು ಮಾಡಲಾಯಿತು ಎಂಬ ಎರಡು ಪ್ರಶ್ನೆಗಳನ್ನು ಸಂಶೋಧಕರಿಗೆ ತಪ್ಪದೆ ಕೇಳಬೇಕೆಂದು ತಮ್ಮ ವರದಿಗಾರರಲ್ಲಿ ನನ್ನ ವಿನಂತಿ.

ಇಂತಿ,
ಒಬ್ಬ ರಸಾಯನಶಾಸ್ತ್ರ ಉಪನ್ಯಾಸಕ