ಮೂರು ಪಂಪ್ ಬದಲಾಯಿಸಿದಿರಿ, ಒಂದು ಹೋಸ್ ಮುಟ್ಟಿ ನೋಡಲಿಲ್ಲ

ಮುಳ್ಳೇರಿಯ, ಕಾಸರಗೋಡು ತಾಲೂಕು
12 ಮೇ 2025

ಇವರಿಗೆ,
ಗ್ರಾಹಕ ಸೇವಾ ವಿಭಾಗದ ವ್ಯವಸ್ಥಾಪಕರು,
ಲಾರಿ ಕಂಪನಿಯ ಪ್ರಾದೇಶಿಕ ಕಚೇರಿ, ಮಂಗಳೂರು

ವಿಷಯ: ಫೀಡ್ ಪಂಪ್ ಮೇಲಿಂದ ಮೇಲೆ ಕೆಟ್ಟದ್ದು, ಅದಕ್ಕೆ ನಿಮ್ಮ ಸರ್ವಿಸ್ ಸೆಂಟರಿನಲ್ಲಿ ಹಾಕಿದ ತಪ್ಪು ಹೋಸ್ ಕಾರಣವಾದದ್ದು, ಮತ್ತು ನನ್ನ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನನ್ನದು ಒಂದೇ ಲಾರಿ. ಆರು ಚಕ್ರದ, ಹೊಗೆಯ ಹೊಸ ನಿಯಮಕ್ಕೆ ತಕ್ಕ ನಿಮ್ಮ ಬಿಎಸ್ 6 ಗಾಡಿ, 2022ರ ಆಗಸ್ಟಿನಲ್ಲಿ ತಗೊಂಡದ್ದು. ಓಡಿಸುವುದೂ ನಾನೇ. ಇಲ್ಲಿಂದ ತೆಂಗಿನಕಾಯಿ ಹೇರಿಕೊಂಡು ಜಾಲ್ಸೂರು, ಸುಳ್ಯ, ಮಡಿಕೇರಿ ದಾರಿಯಾಗಿ ಮೈಸೂರಿಗೆ ಹೋಗುತ್ತೇನೆ. ಬರುವಾಗ ಬಂಡಿಪಾಳ್ಯದ ಮಾರುಕಟ್ಟೆಯಿಂದ ತರಕಾರಿ. ಹೋಗುವಾಗಲೂ ಘಾಟಿ, ಬರುವಾಗಲೂ ಘಾಟಿ. ಎಂಜಿನ್ ಎಳೆಯದಿದ್ದರೆ ನನ್ನ ಮನೆ ಒಲೆಯೂ ಉರಿಯುವುದಿಲ್ಲ.

ಎರಡು ಸಲ ನಿಮ್ಮ ಸರ್ವಿಸ್ ಸೆಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದೇನೆ, ಒಂದು ಸಲ ಮೇಲ್ ಮಾಡಿದ್ದೇನೆ. ಉತ್ತರ ಬರಲಿಲ್ಲ. ಅದಕ್ಕೇ ನೇರವಾಗಿ ನಿಮಗೆ ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ಒಂದು ಹೆಗ್ಗಣದಿಂದ. 2024ರ ಜೂನಿನಲ್ಲಿ ಜೋರು ಮಳೆಯಿದ್ದಾಗ ನಾಲ್ಕು ದಿನ ಗಾಡಿ ಅಂಗಳದಲ್ಲೇ ನಿಂತಿತ್ತು. ಟ್ಯಾಂಕಿನಿಂದ ಫೀಡ್ ಪಂಪಿಗೆ, ಅಂದರೆ ಡೀಸೆಲ್ ಎಳೆದು ಎಂಜಿನ್ ಕಡೆಗೆ ತಳ್ಳುವ ಪಂಪಿಗೆ, ಬರುವ ಹೋಸನ್ನು ಹೆಗ್ಗಣ ಕಡಿದು ಹಾಕಿತ್ತು. ನಾನು ಪೇಟೆಯಲ್ಲಿ ಎಲ್ಲಾದರೂ ಹಾಕಿಸಬಹುದಿತ್ತು. ಬಿಎಸ್ 6 ಗಾಡಿ, ಹೊರಗೆ ಕೈ ಹಾಕಿಸುವುದು ಬೇಡ ಅಂತ ನಿಮ್ಮ ಸರ್ವಿಸ್ ಸೆಂಟರಿಗೇ ಒಯ್ದೆ. ಜೂನ್ 18ರ ಜಾಬ್ ಕಾರ್ಡಿನಲ್ಲಿ 'ಹೋಸ್ 1 ಮೀಟರ್' ಅಂತ ಬರೆದಿದೆ. ಪಾರ್ಟ್ ನಂಬರ್ ಇಲ್ಲ. ಆ ಸಾಲಿಗೆ ನಾನು ಕೆಂಪು ಗೆರೆ ಎಳೆದು ಪ್ರತಿ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ.

ಅಲ್ಲಿಂದ ನಾಲ್ಕು ತಿಂಗಳೊಳಗೆ ತೊಂದರೆ ಶುರುವಾಯಿತು. ಸಂಪಾಜೆ ದಾಟಿ ಘಾಟಿ ಹತ್ತುವಾಗ ಗಾಡಿ ಎಳೆಯುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎರಡನೇ ಗೇರಿನಲ್ಲಿ ತೆವಳುತ್ತದೆ. ಮೀಟರಿನಲ್ಲಿ ಹಳದಿ ಎಂಜಿನ್ ಲೈಟ್. ಬದಿಗೆ ಹಾಕಿ ಅರ್ಧ ಗಂಟೆ ಬಿಟ್ಟರೆ ಸ್ವಲ್ಪ ದೂರ ಚೆನ್ನಾಗಿ ಹೋಗುತ್ತದೆ, ಆಮೇಲೆ ಪುನಃ ಅದೇ. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿದರು, ಪಿ0087 ಎಂಬ ಕೋಡ್ ಬಂತು. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ರೈಲ್ ಎಂಬ ಪೈಪಿನಲ್ಲಿ ಪ್ರೆಶರ್ ಕಡಿಮೆ ಅಂತ ಅರ್ಥ. ಅಕ್ಟೋಬರ್ 9ಕ್ಕೆ ಫೀಡ್ ಪಂಪ್ ಬದಲಾಯಿಸಿ ಕೊಟ್ಟರು, ವಾರಂಟಿಯಲ್ಲಿ. ಆಗ ನನಗೆ ಖುಷಿಯೇ ಆಗಿತ್ತು.

ಮೂರು ತಿಂಗಳು ಸರಿ ಇತ್ತು. 2025ರ ಜನವರಿ 20ಕ್ಕೆ ಎರಡನೇ ಪಂಪ್. ಈ ಸಲ 'ನಿಮ್ಮ ಡೀಸೆಲ್ ಸರಿ ಇಲ್ಲ, ವಾರಂಟಿ ಬರುವುದಿಲ್ಲ' ಅಂದರು. ಪಂಪಿಗೆ 13,450, ಕೂಲಿ 1,800, ಒಟ್ಟು 15,250 ರೂಪಾಯಿ ಎಣಿಸಿ ಕೊಟ್ಟೆ. ಯಾವ ಡೀಸೆಲ್ ಸ್ಯಾಂಪಲ್ ತೆಗೆದಿರಿ, ಎಲ್ಲಿ ಪರೀಕ್ಷೆ ಮಾಡಿಸಿದಿರಿ ಅಂತ ಕೇಳಿದೆ. ಸ್ಯಾಂಪಲ್ ತೆಗೆದೇ ಇರಲಿಲ್ಲ.

ಮಾರ್ಚ್ 14ರ ರಾತ್ರಿಯದ್ದು ಮಾತ್ರ ನಾನು ಮರೆಯುವ ಹಾಗಿಲ್ಲ. ಗಾಡಿ ತುಂಬ ಟೊಮೆಟೊ. ಕುಶಾಲನಗರ ಬಿಟ್ಟು ಏರು ಶುರುವಾಗುವಲ್ಲಿ, ಆನೆಕಾಡಿನ ಮಧ್ಯೆ, ರಾತ್ರಿ ಎರಡು ಗಂಟೆಗೆ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಆನೆಕಾಡು ಅಂತ ಹೆಸರು ಸುಮ್ನೆ ಬಂದದ್ದಲ್ಲ ಸ್ವಾಮಿ. ಇಂಡಿಕೇಟರ್ ಹಾಕಿ, ಗಾಜು ಏರಿಸಿ, ಬಿದಿರು ಮುರಿಯುವ ಸದ್ದು ಕೇಳುತ್ತಾ ಬೆಳಗಿನವರೆಗೆ ಕ್ಯಾಬಿನಿನಲ್ಲೇ ಕೂತೆ. ಬೆಳಗ್ಗೆ ಬೇರೆ ಗಾಡಿ ಹುಡುಕಿ ಕ್ರೇಟ್ ಇಳಿಸಿ ಏರಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕೆಳಗಿನ ಸಾಲಿನ ಕ್ರೇಟುಗಳಿಂದ ನೀರು ಸೋರುತ್ತಿತ್ತು. ಹಾಳಾದ ಮಾಲಿಗೆ ವ್ಯಾಪಾರಿಗೆ 17,600 ರೂಪಾಯಿ ಕೊಟ್ಟೆ. ಗಾಡಿಯನ್ನು ಕಾಸರಗೋಡಿನವರೆಗೆ ಎಳೆದು ತರಲು 9,500. ಮೂರನೇ ಪಂಪಿಗೆ ಮಾರ್ಚ್ 17ರಂದು ಪುನಃ 15,250.

ಏಪ್ರಿಲ್ ಕೊನೆಗೆ ಮತ್ತೆ ಎಳೆತ ಕಡಿಮೆಯಾದಾಗ ನಿಮ್ಮವರು ಕೊಟ್ಟ ಎಸ್ಟಿಮೇಟ್ ನೋಡಿ ತಲೆ ತಿರುಗಿತು. ನಾಲ್ಕನೇ ಫೀಡ್ ಪಂಪ್, ಜೊತೆಗೆ ಹೈ ಪ್ರೆಶರ್ ಪಂಪ್ ಕೂಡ. 86,000 ರೂಪಾಯಿ! ಯಾಕೆ ಅಂತ ಕೇಳಿದರೆ 'ಕೋಡ್ ಹಾಗೆ ತೋರಿಸುತ್ತದೆ ಸರ್' ಎಂಬ ಉತ್ತರ.

ಕೋಡ್ ಹಾಗೆ ತೋರಿಸುವುದಿಲ್ಲ. ನಾನು ಎಸ್‌ಎಸ್‌ಎಲ್‌ಸಿಯವರೆಗೆ ಓದಿದವ, ಆದರೂ ಇಷ್ಟು ತಿಳಿದುಕೊಂಡಿದ್ದೇನೆ. ರೈಲಿನಲ್ಲಿ ಪ್ರೆಶರ್ ಸಾಲುತ್ತಿಲ್ಲ ಎಂಬಷ್ಟೇ ಆ ಕೋಡ್ ಹೇಳುವುದು. ಯಾಕೆ ಸಾಲುತ್ತಿಲ್ಲ ಅಂತ ಹೇಳುವುದಿಲ್ಲ. ರೈಲಿಗೆ ಸಾವಿರಕ್ಕಿಂತ ಜಾಸ್ತಿ ಬಾರ್ ಒತ್ತಡ ಕೊಡುವುದು ಹೈ ಪ್ರೆಶರ್ ಪಂಪ್. ಅದಕ್ಕೆ ಬೇಕಾದ ಡೀಸೆಲನ್ನು ನಾಲ್ಕೈದು ಬಾರಿನಲ್ಲಿ ತಳ್ಳಿಕೊಡುವುದು ಫೀಡ್ ಪಂಪ್. ಆ ಫೀಡ್ ಪಂಪಿಗೇ ಟ್ಯಾಂಕಿನಿಂದ ಡೀಸೆಲ್ ಬರದಿದ್ದರೆ ಮುಂದಿನದು ಯಾವುದೂ ನಡೆಯುವುದಿಲ್ಲ. ಬಾವಿಯ ಪೈಪ್ ಕಟ್ಟಿಕೊಂಡಿದ್ದರೆ ಮೋಟಾರ್ ಬದಲಾಯಿಸಿ ಏನು ಪ್ರಯೋಜನ, ಅಲ್ವಾ?

ನಿಮ್ಮವರು ಮಾಡದ ಕೆಲಸವನ್ನು ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಮೇ 3ರಂದು ಒಂದೇ ದಿನದಲ್ಲಿ ಮಾಡಿದರು. ಅವರ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಒಂದು ಪ್ರೆಶರ್ ಗೇಜ್, ಒಂದು ಮಲ್ಟಿಮೀಟರ್, ಒಂದು ಬಿಳಿ ಕ್ಯಾನ್.

ಮೊದಲು ಕರೆಂಟ್ ನೋಡಿದರು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಪಂಪಿನ ಪ್ಲಗ್ಗಿನಲ್ಲಿ 13.6. ವಯರ್ ಸರಿ, ಅರ್ತ್ ಸರಿ. ಟ್ಯಾಂಕಿನ ಗಾಳಿ ದಾರಿ ಕಟ್ಟಿರಬಹುದು ಅಂತ ಮುಚ್ಚಳ ಸಡಿಲ ಮಾಡಿ ಓಡಿಸಿದರು. ವ್ಯತ್ಯಾಸ ಇಲ್ಲ. ಟ್ಯಾಂಕಿನ ತಳದಿಂದ ಒಂದು ಬಾಟಲಿ ಡೀಸೆಲ್ ತೆಗೆದು ಕಿಟಕಿಯ ಹತ್ತಿರ ಇಟ್ಟರು. ಸಂಜೆಯಾದರೂ ಅಡಿಯಲ್ಲಿ ನೀರು ನಿಲ್ಲಲಿಲ್ಲ, ಕಸವೂ ಇಲ್ಲ. ಟ್ಯಾಂಕಿನೊಳಗಿನ ಜಾಲರಿ ತೊಳೆದಿಟ್ಟ ಹಾಗೆ ಇತ್ತು. ನಿಮ್ಮ 'ಕೆಟ್ಟ ಡೀಸೆಲ್' ಅಲ್ಲಿಗೇ ಮುಗಿಯಿತು.

ಆಮೇಲೆ ಪಂಪ್ ಮತ್ತು ಫಿಲ್ಟರ್ ನಡುವೆ ಗೇಜ್ ಜೋಡಿಸಿ, ಅದರ ಪೈಪನ್ನು ಹೊರಗಿನಿಂದ ತಂದು, ವೈಪರಿನ ಹತ್ತಿರ ಗಾಜಿಗೆ ಟೇಪ್ ಹಾಕಿ ಅಂಟಿಸಿದರು. ಸೀಟಿನಲ್ಲಿ ಕೂತು ಮುಳ್ಳು ನೋಡಬಹುದು. ಒಂದು ಲೋಡ್ ಕೆಂಪುಕಲ್ಲು ಹೇರಿ ಆದೂರು ಕಡೆಗೆ ಹೊರಟೆವು. ನಿಂತಲ್ಲಿ 4.2 ಬಾರ್. ಏರು ಬರುವವರೆಗೂ ಅಷ್ಟೇ. ಏರಿನಲ್ಲಿ ಪೂರ್ತಿ ಒತ್ತಿದ ಕೂಡಲೇ ಮುಳ್ಳು 3ಕ್ಕೆ ಬಂತು, 2.5, ಕೊನೆಗೆ 1.6. ಅದೇ ಹೊತ್ತಿಗೆ ಹಳದಿ ಲೈಟ್ ಹತ್ತಿತು. ಏಳು ತಿಂಗಳಿಂದ ನನ್ನ ಜೀವ ತಿಂದದ್ದು ಕಣ್ಣೆದುರು ಒಂದು ಮುಳ್ಳಿನಲ್ಲಿ ಕಾಣಿಸಿತು.

ವಾಪಸ್ ಬಂದು ಕ್ಯಾನಿನ ಮುಚ್ಚಳಕ್ಕೆ ಎರಡು ತೂತು ಕೊರೆದರು. ಒಂದರಲ್ಲಿ ಪಂಪಿಗೆ ಎಳೆಯುವ ಹೊಸ ಪೈಪ್, ಇನ್ನೊಂದರಲ್ಲಿ ಎಂಜಿನಿನಿಂದ ತಿರುಗಿ ಬರುವ ರಿಟರ್ನ್ ಪೈಪ್. ಟ್ಯಾಂಕ್ ಮತ್ತು ಹಳೆ ಹೋಸ್ ಎರಡೂ ಲೆಕ್ಕದಿಂದ ಹೊರಗೆ. ಅದೇ ಪಂಪ್, ಅದೇ ಫಿಲ್ಟರ್, ಅದೇ ಕಲ್ಲು, ಅದೇ ಏರು. ಮುಳ್ಳು 4ರಿಂದ ಕೆಳಗೆ ಇಳಿಯಲೇ ಇಲ್ಲ. ಗಾಡಿ ಹೊಸತರಲ್ಲಿ ಎಳೆದ ಹಾಗೆ ಎಳೆಯಿತು. 'ಪಂಪ್ ಒಳ್ಳೆಯದೇ ಉಂಟು ಅಣ್ಣ, ಅದಕ್ಕೆ ಕುಡಿಯಲು ಸಿಗುತ್ತಿಲ್ಲ' ಅಂದರು ಮೆಕ್ಯಾನಿಕ್.

ಜಾಲರಿ ಸರಿ, ಪಂಪ್ ಸರಿ. ನಡುವೆ ಉಳಿದದ್ದು ನಿಮ್ಮವರು ಹಾಕಿದ ಆ ಒಂದು ಮೀಟರ್ ಹೋಸ್. ಹೊರಗಿನಿಂದ ಏನೂ ಕಾಣುವುದಿಲ್ಲ. ಬಿರುಕಿಲ್ಲ, ಸೋರಿಕೆ ಇಲ್ಲ. ಬಿಚ್ಚಿ ಉದ್ದಕ್ಕೆ ಸೀಳಿದಾಗ ಗೊತ್ತಾಯಿತು. ಒಳಗಿನ ರಬ್ಬರ್ ಡೀಸೆಲ್ ಕುಡಿದು ಊದಿ, ಬಾಳೆದಿಂಡಿನ ಪದರದ ಹಾಗೆ ಬಿಟ್ಟುಕೊಂಡಿತ್ತು. ಬೆರಳಿನಿಂದ ಎಳೆದರೆ ಕೈಗೆ ಬರುತ್ತಿತ್ತು. ಹೊರಮೈಯಲ್ಲಿ ಕಂಪನಿಯ ಹೆಸರಿಲ್ಲ, ಡೀಸೆಲಿಗೆ ಅಂತ ಗುರುತಿಲ್ಲ. ಡೀಸೆಲಿಗೆ ನೈಟ್ರೈಲ್‌ನಂಥ ಎಣ್ಣೆ ತಡೆಯುವ ರಬ್ಬರಿನ ಹೋಸ್ ಬೇಕು. ಇದು ನೀರಿನದ್ದೋ ಗಾಳಿಯದ್ದೋ ಇರಬೇಕು. ಯಾರ ಕೈಗೆ ಸಿಕ್ಕಿದ ತುಂಡೋ.

ಇಷ್ಟು ಗೊತ್ತಾದ ಮೇಲೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಎಂಜಿನ್ ಜಾಸ್ತಿ ಕೇಳಿದಾಗ ಪಂಪ್ ಜೋರಾಗಿ ಎಳೆಯುತ್ತದೆ, ಆಗ ಸಡಿಲ ಪದರ ಒಳಕ್ಕೆ ಮಡಚಿ ದಾರಿ ಮುಚ್ಚುತ್ತದೆ. ಹೋಸ್ ಬಿಸಿಯಾಗಿ ಮೆತ್ತಗಾದರೆ ಇನ್ನೂ ಬೇಗ. ತಣಿದ ಖಾಲಿ ಗಾಡಿಯನ್ನು ನಿಮ್ಮವರು ಗೇಟಿನವರೆಗೆ ಓಡಿಸಿ 'ಎಂಥ ತೊಂದರೆಯೂ ಇಲ್ಲ ಸರ್' ಅಂದದ್ದು ಸುಳ್ಳಲ್ಲ, ಅಲ್ಲಿ ತೊಂದರೆ ಬರುವುದೇ ಇಲ್ಲ. ಹೊಸ ಪಂಪಿಗೆ ಎಳೆಯುವ ಶಕ್ತಿ ಇರುವುದರಿಂದ ಸ್ವಲ್ಪ ಕಾಲ ನಿಭಾಯಿಸುತ್ತದೆ. ಆದರೆ ಪಂಪ್ ತಣಿಯುವುದೂ ಜಾರುವುದೂ ಒಳಗೆ ಹರಿಯುವ ಡೀಸೆಲಿನಿಂದಲೇ. ಅದು ಸಾಲದಿದ್ದರೆ ಬಿಸಿಯಾಗಿ ಸವೆದು ಹೋಗುತ್ತದೆ. ಕೇಳಿ ತಗೊಂಡಿದ್ದ ಹಳೆಯ ಪಂಪ್ ಒಂದನ್ನು ಒಡೆದು ನೋಡಿದೆವು. ಮೋಟಾರಿಗೆ ಕರೆಂಟ್ ಕೊಡುವ ಬ್ರಶ್ ಸವೆದು ಚಿಕ್ಕದಾಗಿದೆ, ಒಳಗೆಲ್ಲ ಸುಟ್ಟು ಕಪ್ಪು.

ಸರಿಯಾದ ಹೋಸಿಗೆ 640 ರೂಪಾಯಿ ಆಯಿತು. ಅದನ್ನು ನಿಮ್ಮಿಂದ ಕೇಳುವುದಿಲ್ಲ. ಹಾಕಿದ ಮೇಲೆ ಮೈಸೂರಿಗೆ ಎರಡು ಟ್ರಿಪ್ ಮುಗಿಸಿದ್ದೇನೆ, ಲೈಟ್ ಹತ್ತಿಲ್ಲ.

ನನ್ನ ಸಿಟ್ಟು ಹೋಸಿನ ಮೇಲೆ ಮಾತ್ರ ಅಲ್ಲ. ತಪ್ಪು ಯಾರಿಂದಲೂ ಆಗುತ್ತದೆ. ಮೂರು ಸಲ ಪಂಪ್ ಹಾಕಿದವರು ಒಂದು ಸಲವಾದರೂ ಗೇಜ್ ಜೋಡಿಸಿ ಪ್ರೆಶರ್ ಅಳೆದಿದ್ದರೆ ಅಕ್ಟೋಬರಿನಲ್ಲೇ ಇದು ಮುಗಿಯುತ್ತಿತ್ತು. ಮೂರೂ ಜಾಬ್ ಕಾರ್ಡುಗಳಲ್ಲಿ ಒಂದೇ ಒಂದು ಪ್ರೆಶರ್ ಅಂಕಿ ಇಲ್ಲ. 'ಕೋಡ್ ಅಳಿಸಲಾಗಿದೆ' ಅಂತ ಮಾತ್ರ ಮೂರರಲ್ಲೂ ಇದೆ.

ಎರಡು ಪಂಪಿನ 30,500, ಗಾಡಿ ಎಳೆಸಿದ 9,500, ಟೊಮೆಟೊದ 17,600, ಒಟ್ಟು 57,600 ರೂಪಾಯಿ ನನಗೆ ವಾಪಸ್ ಬೇಕು. ಗಾಡಿಯ ದಾಖಲೆಯಲ್ಲಿ ಬರೆದ 'ಕೆಟ್ಟ ಡೀಸೆಲ್, ವಾರಂಟಿ ಇಲ್ಲ' ಎಂಬ ಮಾತು ತೆಗೆಯಬೇಕು. ಅದಕ್ಕಿಂತ ದೊಡ್ಡ ಹೆದರಿಕೆ ನನಗೆ ಹೈ ಪ್ರೆಶರ್ ಪಂಪಿನದ್ದು. ಇಷ್ಟು ತಿಂಗಳು ಅದೂ ಡೀಸೆಲ್ ಸಾಲದೆ ಓಡಿದೆ, ಅದರ ಒಳಭಾಗಕ್ಕೂ ಡೀಸೆಲೇ ಎಣ್ಣೆ. ಅದನ್ನೂ ಇಂಜೆಕ್ಟರುಗಳನ್ನೂ, ಎಷ್ಟು ಡೀಸೆಲ್ ಸೋರಿ ವಾಪಸ್ ಬರುತ್ತದೆ ಅಂತ ಅಳೆಯುವ ರಿಟರ್ನ್ ಲೀಕ್ ಪರೀಕ್ಷೆ ಸೇರಿಸಿ, ನಿಮ್ಮ ಖರ್ಚಿನಲ್ಲಿ ನೋಡಿಸಿ, ಬಂದ ಅಂಕಿಗಳನ್ನು ಬರೆದು ಕೊಡಿ. ಮುಂದೆ ಅದು ಕೆಟ್ಟರೆ ವಾರಂಟಿ ಮುಗಿದಿದೆ ಅಂತ ಹೇಳಬಾರದು.

ಉತ್ತರ ಕನ್ನಡದಲ್ಲಿ ಇರಲಿ. ಮಲಯಾಳ ಮಾತಾಡುತ್ತೇನೆ, ಓದಲು ಬರುವುದಿಲ್ಲ. ಜಾಬ್ ಕಾರ್ಡ್ ಓದಿಸಲು ಪ್ರತಿ ಸಲ ಮಗಳ ಶಾಲೆ ಬಿಡುವವರೆಗೆ ಕಾಯಬೇಕಾಗುತ್ತದೆ. ನಮ್ಮ ತಾಲೂಕಿನಲ್ಲಿ ಸರ್ಕಾರಿ ಕಚೇರಿಗೇ ಕನ್ನಡದಲ್ಲಿ ಅರ್ಜಿ ಕೊಡುತ್ತೇವೆ. ಮಂಗಳೂರಿನಲ್ಲಿ ಕೂತ ನಿಮಗೆ ಅದು ಕಷ್ಟವಲ್ಲ.

ಈ ಪತ್ರ ಕೈ ಸೇರಿ 15 ದಿನದೊಳಗೆ ಉತ್ತರ ಬರದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಲಾರಿ ಅಂದರೆ ವ್ಯಾಪಾರದ ಗಾಡಿ, ನೀನು ಗ್ರಾಹಕನಲ್ಲ ಅಂತ ನಿಮ್ಮ ವಕೀಲರು ಹೇಳಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನನ್ನು 2019ರ ಕಾಯ್ದೆ ಗ್ರಾಹಕ ಅಂತಲೇ ಕರೆಯುತ್ತದೆ. ಅದನ್ನೂ ಕೇಳಿ ತಿಳಿದುಕೊಂಡೇ ಬರೆಯುತ್ತಿದ್ದೇನೆ.

ಜಾಬ್ ಕಾರ್ಡ್, ಬಿಲ್ಲು, ಆರ್‌ಸಿ ಪ್ರತಿ, ಗೇಜಿನ ಫೋಟೊ ಎಲ್ಲ ಇದರ ಜೊತೆಗಿದೆ. ಸೀಳಿದ ಹೋಸಿನ ಒಂದು ಅಂಗೈ ಉದ್ದದ ತುಂಡನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದೇನೆ, ಡೀಸೆಲ್ ವಾಸನೆ ಬಂದರೆ ಕ್ಷಮಿಸಿ. ಉಳಿದ ಭಾಗ ನನ್ನ ಹತ್ತಿರವೇ ಇರುತ್ತದೆ. ನೋಡಬೇಕೆಂದರೆ ಯಾರನ್ನಾದರೂ ಮುಳ್ಳೇರಿಯಕ್ಕೆ ಕಳಿಸಿ. ಬುಧವಾರ ಮತ್ತು ಭಾನುವಾರ ಗಾಡಿ ಊರಲ್ಲೇ ಇರುತ್ತದೆ.

ಇಂತಿ,
ಮುಳ್ಳೇರಿಯದ ಲಾರಿ ಮಾಲೀಕ ಮತ್ತು ಚಾಲಕ
(ಹೆಸರು, ಗಾಡಿ ನಂಬರ್ ಆರ್‌ಸಿ ಪ್ರತಿಯಲ್ಲಿದೆ)