ಮೂರು ಮನೆ, ನಡುವೆ ‘ಳಿ’

ಕೂಸೇ,

ಮೊನ್ನೆ ನೀನು ಕುಮಟಾ ಸ್ಟೇಷನ್ನಿನಲ್ಲಿ ಆಯಿಯ ಕಾಲಿಗೆ ಬಿದ್ದು ಗೋವಾ ರೈಲು ಹತ್ತಿದೆ. ನನ್ನ ಕಡೆ ನೋಡಲಿಲ್ಲ. ಹಿಂದಿನ ರಾತ್ರಿ ನಾನಾಡಿದ ಮಾತು ಹಾಗಿತ್ತು. ಅದನ್ನು ಮತ್ತೆ ಬರೆಯುವುದಿಲ್ಲ.

ಆದರೆ ಕಡಲ ಸಂಶೋಧನೆಯ ಹಡಗಿನ ಕೆಲಸ ನಿನಗೆ ಬೇಡ ಎಂದು ನಾನು ಯಾಕೆ ಹಠ ಹಿಡಿದೆ ಎನ್ನುವುದು ನಿನಗೆ ಗೊತ್ತಿಲ್ಲ. ಆಯಿಗೂ ಗೊತ್ತಿಲ್ಲ.

ನಿನಗಾಗ ಏಳು ವರ್ಷ. ಭಾನುವಾರ ಅಘನಾಶಿನಿ ಅಳಿವೆಗೆ ಹೋಗಿದ್ದೆವು. ಕೈಯಲ್ಲಿ ಪದಬಂಧ. ಸುಳಿವು ಓದುವವಳು ನೀನು, ತುಂಬುವವನು ನಾನು. ಆವತ್ತು ಅದರ ತುಂಬ ಕಡಲೇ. ‘ರಾಮನ ತಮ್ಮ, ಕಡಲಲ್ಲಿ ಏರುತ್ತಾನೆ’ ಎಂದಿದ್ದಕ್ಕೆ ಭರತ. ‘ಮೂಡುಬಿದಿರೆಯ ಕವಿ, ಸಮುದ್ರವೂ ಹೌದು’ ಎಂದಿದ್ದಕ್ಕೆ ರತ್ನಾಕರ. ಒತ್ತಕ್ಷರಕ್ಕೂ ಒಂದೇ ಮನೆ ಅಂತ ನೀನೇ ಎಣಿಸಿ ಹೇಳಿದೆ. ಆಮೇಲೆ ಬೇಸರ ಬಂದು ಚಿಪ್ಪು ಹೆಕ್ಕಲು ಹೋದೆ.

ನಾನು ಒಂದು ಕಡೆ ಸಿಕ್ಕಿಬಿದ್ದೆ. ‘ನದಿ ಕಡಲು ಸೇರುವ ಜಾಗ’, ಮೂರಕ್ಷರ. ಸಂಗಮ ಎಂದು ಬರೆದೆ. ಅಡ್ಡಕ್ಕೆ ಬರುವುದು ‘ಕಡಲು ಹಿಂದೆ ಸರಿಯುವುದು’, ಅದೂ ಮೂರೇ, ನಡುವೆ ಗ. ಯಾವ ಪದವೂ ಕೂರಲಿಲ್ಲ. ಅಳಿವೆಯ ದಂಡೆಯಲ್ಲೇ ಕೂತವನಿಗೆ ಅಳಿವೆ ಹೊಳೆಯಲಿಲ್ಲ, ಕೂಸೇ. ಕಣ್ಣೆದುರಿನ ಇಳಿತವೂ ಹೊಳೆಯಲಿಲ್ಲ. ರಬ್ಬರಿನಿಂದ ಉಜ್ಜಿ ಉಜ್ಜಿ ಆ ಮನೆಯಲ್ಲಿ ಪೇಪರೇ ತೂತಾಯಿತು.

ಅಷ್ಟರಲ್ಲಿ ನೀರು ತಿರುಗಿ ಏರತೊಡಗಿತ್ತು. ನೀನು ಮರಳದಿಬ್ಬದ ಮೇಲೆ, ನಾನು ದಂಡೆಯಲ್ಲಿ, ನಡುವೆ ನೀರು. ಬಳಚು ಚಿಪ್ಪುಮೀನು ಹೆಕ್ಕುತ್ತಿದ್ದ ಹೆಂಗಸೊಬ್ಬರು ಕೂಗಿದರು. ನಾನು ಏಳುವುದರೊಳಗೆ ಅವರೇ ಸೊಂಟದ ಮಟ್ಟದ ನೀರಲ್ಲಿ ಹೋಗಿ ನಿನ್ನನ್ನು ಹೊತ್ತು ತಂದರು. ಲಂಗದ ಮಡಿಲಲ್ಲಿ ಚಿಪ್ಪು ಹಾಗೇ ಇತ್ತು. ನೀನು ಅಳಲೂ ಇಲ್ಲ. ‘ಅಪ್ಪಾ, ಆ ಪದ ಸಿಕ್ಕಿತಾ?’ ಎಂದೆ.

ಒಂದು ನಿಮಿಷ ಕಣ್ಣು ತಪ್ಪಿತು ಅಂತ ಆಯಿಗೆ ಹೇಳಿದೆ. ಸುಳ್ಳು. ಅರ್ಧ ಗಂಟೆ ತಲೆ ಎತ್ತಿರಲಿಲ್ಲ. ಆ ಹೆಂಗಸಿನ ಹೆಸರೂ ಕೇಳಲಿಲ್ಲ. ಈಗಲೂ ರಾತ್ರಿ ಎಚ್ಚರವಾದರೆ ಆ ದಿಬ್ಬ ಕಾಣುತ್ತದೆ. ಪ್ರತಿ ಸಲ ಸ್ವಲ್ಪ ಸಣ್ಣದಾಗಿರುತ್ತದೆ. ಅವರು ಆವತ್ತು ಬೇರೆ ಕಡೆ ಬಳಚು ಹೆಕ್ಕಲು ಹೋಗಿದ್ದರೆ ಅಂತ ಯೋಚನೆ ಹತ್ತುತ್ತದೆ. ಮತ್ತೆ ನಿದ್ದೆ ಇಲ್ಲ.

ಗೋವಾದ ಡೋನಾ ಪೌಲಾದಲ್ಲಿ ಹುಣ್ಣಿಮೆ, ಅಮಾವಾಸ್ಯೆ ಯಾವತ್ತು ಅಂತ ನೋಡಿಕೋ. ಆಗ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಭರತದಿಂದ ಇಳಿತಕ್ಕೆ ಆರು ತಾಸು ಚಿಲ್ಲರೆ, ದಿನಾ ಸುಮಾರು 50 ನಿಮಿಷ ತಡ. ಸೆಳೆತಕ್ಕೆ ಸಿಕ್ಕರೆ ನೇರ ದಡಕ್ಕೆ ಈಜಬೇಡ, ಪಕ್ಕಕ್ಕೆ ಈಜು. ಹಡಗಿನ ಡೆಕ್ಕಿಗೆ ಲೈಫ್ ಜಾಕೆಟ್ ಇಲ್ಲದೆ ಹೋಗಬೇಡ. ರಾತ್ರಿ ಒಬ್ಬಳೇ ಅಂತೂ ಬೇಡವೇ ಬೇಡ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳೇ ನೀನು, ಆದರೂ ಬರೆಯದೆ ಇರಲು ಆಗುತ್ತಿಲ್ಲ. ಕಾರವಾರದಲ್ಲಿ ಓದುವಾಗ ಒಂದು ರಜೆಗೆ ಬಂದವಳು ಊಟದ ತಟ್ಟೆ ಸುತ್ತ ಲಿಂಬೆಹಣ್ಣು ಉರುಳಿಸಿ, ಚಂದ್ರ ನೀರನ್ನು ಎಳೆಯುವುದು ಹೀಗೆ ಎಂದು ತೋರಿಸಿದ್ದೆ. ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ? ಬಾಯಿಬಿಟ್ಟು ಹೇಳಲಿಲ್ಲ. ನಿನ್ನ ‘ಸಿಂಧು ಸಾಧನಾ’ ಹಡಗು 80 ಮೀಟರ್ ಉದ್ದ ಎಂದು ನೀನು ಹೇಳಿದಾಗಲೂ ಖುಷಿಯಾಗಿತ್ತು. ಬಾಯಿಂದ ಬಂದಿದ್ದು ಮಾತ್ರ ಬೈಗುಳ.

ತಪ್ಪು ನನ್ನದು, ಹೆದರಿಕೆಯೂ ನನ್ನದು. ಅದನ್ನು ನಿನ್ನ ತಲೆಗೆ ಕಟ್ಟಲು ನೋಡಿದೆ. ಕ್ಷಮಿಸು ಮಗಳೇ.

ಈ ಭಾನುವಾರದ ಪದಬಂಧದಲ್ಲಿ ಒಂದು ಮೂಲೆ ಖಾಲಿ ಇದೆ. ‘ಸಮುದ್ರ’, ಮೂರಕ್ಷರ, ಕೊನೆಗೆ ಧಿ. ಜಲಧಿ, ಶರಧಿ, ವಾರಿಧಿ, ಅಂಬುಧಿ, ಎಲ್ಲವೂ ಕೂರುತ್ತವೆ. ಮೊದಲ ಮನೆಯಿಂದ ಕೆಳಕ್ಕೆ ಇಳಿಯುವುದು ‘ದೋಣಿ ನಡೆಸುವವ’, ಅದೂ ಮೂರೇ. ನನಗೆ ಗೊತ್ತಾಗಿದೆ, ಬರೆದಿಲ್ಲ. ರಾತ್ರಿ ಊಟ ಆದ ಮೇಲೆ ಫೋನ್ ಮಾಡಿ ಹೇಳು. ಪೆನ್ಸಿಲ್ ಹಿಡಿದು ಕೂತಿರುತ್ತೇನೆ.

ಅಪ್ಪ